ಹೆಪ್ಪು ಹಾಕಿದ ಗಾಡಿ

ಭಾನುವಾರ ನಸುಕಿನಲ್ಲಿ, ಗೋಪನಕೊಪ್ಪದ ಓಣಿಗೆ ಹಾಲಿನವರ ಸೈಕಲ್ಲು ಇನ್ನೂ ಬಾರದ ಹೊತ್ತಿಗೆ, ಗುರುಶಿದ್ದಪ್ಪನವರು ತಮ್ಮ ಹಳೆಯ ಫಿಯಾಟಿನ ಮುಂಗಾಜಿನ ಒಳಬದಿಗೆ ಒಂದು ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕುತ್ತಿದ್ದರು. ದವಾಖಾನೆಯಲ್ಲಿ ರೋಗಿಗೆ ಸಲಾಯಿನ್ ಏರಿಸುವ ದೊಡ್ಡ ಗಾಜಿನ ಬಾಟಲಿ ಅದು. ಸಲಾಯಿನ್ನಿನ ಬದಲು ಅದರಲ್ಲಿ ಒಂದು ಲೀಟರು ಪೆಟ್ರೋಲು. ಅದರ ಬಾಯಿಂದ ಹೊರಟ ರಬ್ಬರಿನ ನಳಿಗೆ ಬಾನೆಟ್ಟಿನೊಳಗೆ ಇಳಿದು ನೇರವಾಗಿ ಕಾರ್ಬುರೇಟರನ್ನು ಸೇರುತ್ತಿತ್ತು. ಟ್ಯಾಂಕಿನಿಂದ ಬರುವ ದಾರಿಯನ್ನು ಆ ಹೊತ್ತಿಗೆ ಬಂದ್ ಮಾಡಿ, ಮನೆಗೆ ಮರಳುವಾಗ ತೆರೆಯುತ್ತಿದ್ದರು. ಬಾಟಲಿ ಬರಿದಾಗುವವರೆಗೆ ಗಾಡಿ ಓಡಬೇಕು, ಬರಿದಾದಲ್ಲಿ ತಾನಾಗಿ ನಿಲ್ಲಬೇಕು.

ಒಂದು ಲೀಟರನ್ನು ಅವರು ಊರುಗಳ ಹೆಸರಿನಲ್ಲಿ ಅಳೆಯುತ್ತಿದ್ದರು. ಮನೆಯಿಂದ ಹೊರಟು, ಉಣಕಲ್ ಕೆರೆಯ ದಂಡೆ ಹಿಡಿದು, ಭೈರಿದೇವರಕೊಪ್ಪ, ನವನಗರ ದಾಟಿ ಧಾರವಾಡದ ಕಡೆಗೆ ಸಾಗಿದರೆ, ರಾಯಾಪುರದ ಆಚೆಗೆ ರಸ್ತೆಗೆ ಬಾಗಿದ ಒಂದು ಬೇವಿನ ಮರದ ಹತ್ತಿರ ಲೀಟರು ಮುಗಿಯುತ್ತಿತ್ತು. ಎದುರುಗಾಳಿಯಿದ್ದ ದಿನ ಮರಕ್ಕಿಂತ ಈಚೆಗೆ. ಎಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾದ ಮೇಲೆ ಗಾಡಿ ತನ್ನ ಓಟದ ನೆನಪಿನಲ್ಲಿಯೇ ಇನ್ನಷ್ಟು ದೂರ ಉರುಳಿ, ಮಂಜಿನೊಳಗೆ ನಿಂತುಬಿಡುತ್ತಿತ್ತು. ಆಗ ಇದ್ದಕ್ಕಿದ್ದಂತೆ ಹೊಲದ ಹಕ್ಕಿಗಳೆಲ್ಲ ಕೇಳಿಸತೊಡಗುತ್ತಿದ್ದವು. ಗುರುಶಿದ್ದಪ್ಪನವರು ಕೂಡಲೇ ಇಳಿಯುತ್ತಿರಲಿಲ್ಲ. ನಸುಕಿನಲ್ಲಿ ಮನೆ ಬಿಟ್ಟ ದಾರಿಹೋಕನೊಬ್ಬ ದಣಿದು ಮರದ ಕೆಳಗೆ ಕುಳಿತಂತೆ ಆ ಲೀಟರು ಅವರ ಕಣ್ಣಿಗೆ ಕಾಣುತ್ತಿತ್ತು. ಅವನನ್ನು ಇನ್ನೊಂದಿಷ್ಟು ನಡೆಸಿ ನವಲೂರಿನ ಪೇರಲ ತೋಟದವರೆಗಾದರೂ ಮುಟ್ಟಿಸಬೇಕೆಂಬುದು ಅವರ ಆಸೆ.

ಊರಿನ ಟೆಕ್ನಿಕಲ್ ಸ್ಕೂಲೊಂದರಲ್ಲಿ ಅವರು ಆಟೊಮೊಬೈಲ್ ವಿಭಾಗದ ಇನ್‌ಸ್ಟ್ರಕ್ಟರು. ಅಡ್ಡ ಸೀಳಿ ಬಣ್ಣ ಹಚ್ಚಿಟ್ಟ ಒಂದು ಎಂಜಿನ್ನನ್ನು ಕೈಯಿಂದ ತಿರುವುತ್ತ, ಅದರ ಹೊಟ್ಟೆಯೊಳಗೆ ನಡೆಯುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದರಲ್ಲಿಯೇ ಅವರ ಆಯುಷ್ಯದ ಬಹುಭಾಗ ಕಳೆದಿತ್ತು. ಅವರ ಪಾಠದಲ್ಲಿ ಕಾರ್ಬುರೇಟರು ಹಿಟ್ಟಿಗೆ ಹದವಾಗಿ ನೀರು ಬೆರೆಸುವ ಹೆಂಗಸಾಗುತ್ತಿತ್ತು. ರೇಡಿಯೇಟರು ಬಿಸಿಲಲ್ಲಿ ಬಂದವನಿಗೆ ಕೊಡುವ ನೀರಿನ ತಂಬಿಗೆಯಾಗುತ್ತಿತ್ತು. ಮನೆಯ ಮಾತಿನಲ್ಲಿ ಹೇಳಿದ್ದು ಮರೆಯುವುದಿಲ್ಲ ಎಂಬುದು ಅವರ ನಂಬಿಕೆ. ಹುಡುಗರು ಮರೆಯುತ್ತಲೂ ಇರಲಿಲ್ಲ. ಇದೇ ರೂಢಿ ಮುಂದೆ ಅವರಿಗೆ ತೊಡಕಾಯಿತು.

ಸ್ಕೂಲಿನ ಗ್ರಂಥಾಲಯಕ್ಕೆ ಬರುತ್ತಿದ್ದ ಹೊರದೇಶದ ಹಳೆಯ ಪತ್ರಿಕೆಯೊಂದರಲ್ಲಿ ಅವರು ಎಂಜಿನ್ನಿನ ಉಸಿರಾಟದ ಬಗ್ಗೆ ಒಂದು ವಿಷಯವನ್ನು ಓದಿದ್ದರು. ಎಂಜಿನ್ನಿಗೆ ಗಾಳಿ ಬರುವ ದಾರಿಯಲ್ಲಿ ಒಂದು ಬಾಗಿಲುಂಟು. ಗಾಡಿ ಸಾವಕಾಶವಾಗಿ ಹೋಗುವಾಗ ಆ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಎಂಜಿನ್ನು ಆ ಸಂದಿಯಿಂದಲೇ ಗಾಳಿಯನ್ನು ಎಳೆದೆಳೆದು ದಣಿಯುತ್ತದೆ, ಪೆಟ್ರೋಲಿನ ಒಂದು ಪಾಲು ಈ ದಣಿವಿಗೇ ಸಲ್ಲುತ್ತದೆ. ಉರಿದು ಹೊರಗೆ ಹೋಗುವ ಹೊಗೆಯಲ್ಲಿ ತುಸುವನ್ನು ಮರಳಿ ಒಳಗೆ ಬಿಟ್ಟರೆ ಅದೂ ಜಾಗ ತುಂಬುತ್ತದೆ. ಆಗ ಅದೇ ವೇಗಕ್ಕೆ ಬಾಗಿಲನ್ನು ಇನ್ನಷ್ಟು ತೆರೆಯಬಹುದು. ಏದುಸಿರು ತಗ್ಗುತ್ತದೆ, ಒಳಗಿನ ಉರಿಯೂ ತಣಿಯುತ್ತದೆ. ಹೊರದೇಶದವರು ಇದನ್ನು ಗಾಳಿ ಕೆಡದಿರಲೆಂದು ಮಾಡಿದ್ದರು. ಗುರುಶಿದ್ದಪ್ಪನವರಿಗೆ ಅದರಲ್ಲಿ ನವಲೂರಿನ ತೋಟ ಕಂಡಿತು.

ಮುಂದೆ ಎರಡು ಸಾವಿರದ ಇಸವಿ ದಾಟಿದ ಮೇಲೆ, ಹೊಗೆಯನ್ನು ಮರಳಿ ಒಳಗೆ ಬಿಡುವ ಇಂಥ ನಳಿಗೆಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿಕೊಂಡ ಡೀಸೆಲ್ ಗಾಡಿಗಳು ಹುಬ್ಬಳ್ಳಿಗೆ ಬಂದವು. ಅದರಿಂದ ಮಸಿ ಕಟ್ಟುತ್ತದೆಂದು ಕೆಲವರು ಗ್ಯಾರೇಜಿಗೆ ಒಯ್ದು, ತಗಡಿನ ಚೂರಿನಿಂದ ಅದರ ಬಾಯಿ ಮುಚ್ಚಿಸಿ, ಈಗ ಎಣ್ಣೆ ಉಳಿಯುತ್ತದೆ ಎಂದು ಹೇಳಿಕೊಂಡು ತಿರುಗಿದರು. ಆ ಹೊತ್ತಿಗೆ ನಿವೃತ್ತರಾಗಿದ್ದ ಗುರುಶಿದ್ದಪ್ಪನವರು ಅದನ್ನು ಕೇಳಿ ನಗುತ್ತಿದ್ದರು. ಆದರೆ ಈ ಮಾತು ನಡೆದದ್ದು ತೊಂಬತ್ತೇಳರಲ್ಲಿ. ಆಗ ಊರಿನಲ್ಲಿ ಅಂಥ ನಳಿಗೆಯ ಹೆಸರನ್ನೇ ಯಾರೂ ಕೇಳಿರಲಿಲ್ಲ. ಹೆಸರಿಲ್ಲದ್ದಕ್ಕೆ ಹೆಸರಿಟ್ಟವರು ಗುರುಶಿದ್ದಪ್ಪನವರೇ, ಮತ್ತು ಇಡಬಾರದ ಹೆಸರನ್ನು ಇಟ್ಟರು.

ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿಯೊಂದರಲ್ಲಿ ತಾಮ್ರ ಹಿತ್ತಾಳೆಯ ಬೆಸುಗೆ ಮಾಡುವ ಉಡಚಪ್ಪನ ಅಂಗಡಿ. ಸೈಲೆನ್ಸರಿನ ಬುಡದಿಂದ ಕಾರ್ಬುರೇಟರಿನವರೆಗೆ ಒಂದು ತಾಮ್ರದ ನಳಿಗೆ, ನಡುವೆ ಹಿತ್ತಾಳೆಯ ಒಂದು ನಲ್ಲಿ, ಆ ನಲ್ಲಿಯನ್ನು ಕುಳಿತಲ್ಲಿಂದಲೇ ತೆರೆದು ಮುಚ್ಚಲು ಸೈಕಲ್ ಬ್ರೇಕಿನ ವಾಯರು, ಮತ್ತು ಅದರದೇ ಹಿಡಿಕೆ. ಇಷ್ಟನ್ನು ಚಿತ್ರ ಬರೆದು ತೋರಿಸಿದಾಗ ಉಡಚಪ್ಪ ಕಾಗದವನ್ನು ತಿರುಗಾಮುರುಗಾ ಮಾಡಿ ನೋಡಿದ.

“ಹೊರಗ ಹೋದ ಹೊಗಿನ್ನ ತಿರುಗಿ ಒಳಗ ಕರಿಯಾಕ, ಅದೇನು ಸಿಟ್ಟಾಗಿ ಎದ್ದು ಹೋದ ಅಳಿಯಾ ಏನ್ರಿ ಸರ?” ಎಂದ.

ಗುರುಶಿದ್ದಪ್ಪನವರಿಗೆ ಪಾಠ ಹೇಳುವ ಹುಮ್ಮಸ್ಸು ಬಂತು. “ಹಿಂಗ ತಿಳಕೋ ಉಡಚಪ್ಪ. ತಾನ ಉಂಡು ಬಿಟ್ಟ ಎಂಜಲಾನ ಒಂದ ತುತ್ತ ತಿರುಗಿ ಉಣ್ತೈತಿ. ಹೊಟ್ಟಿ ತುಂಬತೈತಿ, ಅಡಗಿ ಉಳೀತೈತಿ.”

ಉಡಚಪ್ಪ ಕಾಗದವನ್ನು ಕೆಳಗಿಟ್ಟ. ಅವನು ಬಹಳ ಹೊತ್ತು ನಕ್ಕ. ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಟ್ಟ.

ನಕ್ಕವನು ಒಬ್ಬನೇ ನಗಲಾರ. ಚಹದ ಅಂಗಡಿಯಲ್ಲಿ ಅವನು ಹೇಳಿದ, ಅಲ್ಲಿಂದ ಆ ಮಾತು ಓಣಿಯೊಳಗೆ ಹರಿಯಿತು, ವಾರ ಕಳೆಯುವುದರೊಳಗೆ ಅದೇ ಓಣಿಯ ಕೊನೆಯಲ್ಲಿದ್ದ ಮುರಿಗೆವ್ವನ ಕಟ್ಟೆಗೆ ಬಂದು ಮುಟ್ಟಿತು. ಮುರಿಗೆವ್ವ ಗುರುಶಿದ್ದಪ್ಪನವರ ಅಕ್ಕ. ಊರಿನ ಸುದ್ದಿಯೆಲ್ಲ ತನ್ನ ಮನೆಯ ಮುಂದಿನಿಂದಲೇ ಹಾಯ್ದುಹೋಗಬೇಕೆಂದು ಬಯಸುವ ಹೆಂಗಸು. ಅವರು ಅಂದೇ ಟೆಂಪೋ ಹತ್ತಿ ಗೋಪನಕೊಪ್ಪಕ್ಕೆ ಬಂದು, ತಮ್ಮನ ಹೆಂಡತಿ ದೇವಕ್ಕ ರೊಟ್ಟಿ ಬಡಿಯುತ್ತಿದ್ದಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತರು.

“ನಿನ್ನ ಗಂಡ ಗಾಡಿಗೆ ಎಂಜಲಾ ಉಣಸಾಕತ್ತಾನಂತ ನೋಡವ್ವಾ. ಹಳೇ ಹುಬ್ಬಳ್ಯಾಗ ಎಂಜಲ ಗಾಡಿ ಅಂತ ಹೆಸರ ಬಿದ್ದೈತಿ. ಬಸುರಿ ಹುಡುಗಿನ್ನ ಅದರಾಗ ಕೂಡ್ರಿಸಿಕೊಂಡ ಬರಾವ್ರ ಏನು ನೀವು?”

ದೇವಕ್ಕನವರ ಕೈ ರೊಟ್ಟಿಯ ಮೇಲೆಯೇ ನಿಂತಿತು. ಒಬ್ಬಳೇ ಮಗಳು ವಿದ್ಯಾ. ಧಾರವಾಡದ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು, ಚೊಚ್ಚಲ ಬಸುರಿ. ಅವಳ ಅತ್ತೆಯ ಮನೆಯಲ್ಲಿ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿಸಿ, ಹೆರಿಗೆಗೆಂದು ತವರಿಗೆ ಕರೆತರುವ ದಿನ ಹತ್ತಿರವಾಗಿತ್ತು. ಸೆಕೆಂಡ್‌ಹ್ಯಾಂಡ್ ಗಾಡಿ ಮನೆಯ ಮುಂದೆ ನಿಂತ ದಿನದಿಂದಲೂ ದೇವಕ್ಕ ಓಣಿಯವರಿಗೆಲ್ಲ ಹೇಳಿಕೊಂಡಿದ್ದುದು ಒಂದೇ ಮಾತು: ತಮ್ಮ ಮಗಳು ಹೆರಿಗೆಗೆ ಬಸ್ಸಿನಲ್ಲಿ ಬರುವುದಿಲ್ಲ, ಅಪ್ಪನ ಗಾಡಿಯಲ್ಲಿ ಬರುತ್ತಾಳೆ. ಗುರುಶಿದ್ದಪ್ಪನವರೂ ಬಾಯಿಬಿಟ್ಟು ಹೇಳದಿದ್ದರೂ ಎಷ್ಟೋ ಭಾನುವಾರ ಆ ಬೇವಿನ ಮರದ ಹತ್ತಿರ ನಿಂತ ಗಾಡಿಯಲ್ಲಿ ಕುಳಿತು, ಹಿಂದಿನ ಸೀಟಿನಲ್ಲಿ ಮಗಳು ಇರುವಂತೆ ಕಲ್ಪಿಸಿಕೊಂಡು ಕನ್ನಡಿಯಲ್ಲಿ ನೋಡಿದ್ದುಂಟು.

ಆ ಮಧ್ಯಾಹ್ನ ಊಟಕ್ಕೆ ಬಡಿಸಿದ ಮೇಲೆ ದೇವಕ್ಕ ಹೇಳಿದರು, “ಆ ನಳಗಿ ಇರೂತನಕ ನಾನೂ ಕೂಡೂದಿಲ್ಲ, ನನ್ನ ಮಗಳನ್ನೂ ಕೂಡ್ರಸೂದಿಲ್ಲ. ಬಸ್ಸಿನ್ಯಾಗ ಕರಕೊಂಡ ಬರ್ತೇನಿ.”

ಅದು ಬರೀ ಒಂದು ಹೋಲಿಕೆ ಎಂದು ಗುರುಶಿದ್ದಪ್ಪನವರು ತಿಳಿಸಿ ಹೇಳಿದರು. ಹೊಗೆಗೆ ಬಾಯಿಲ್ಲ, ಎಂಜಿನ್ನಿಗೆ ತಟ್ಟೆಯಿಲ್ಲ ಎಂದರು. ಹಾಗಾದರೆ ಆ ಮಾತು ಯಾರ ಬಾಯಿಂದ ಬಂತು ಎಂದು ದೇವಕ್ಕ ಕೇಳಿದರು.

ಬಿಚ್ಚುವುದಾದರೆ ಎರಡು ನಟ್ಟಿನ ಕೆಲಸ. ಅವರು ಪಾನಾ ಹಿಡಿದು ಬಾನೆಟ್ಟನ್ನು ಎತ್ತಿಯೂ ಎತ್ತಿದರು. ತಾಮ್ರದ ನಳಿಗೆ ಸಂಜೆಯ ಬಿಸಿಲಿನಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಒಂದು ಸಲವಾದರೂ ಅದು ನವಲೂರನ್ನು ತೋರಿಸಲಿ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡು ಬಾನೆಟ್ಟನ್ನು ಇಳಿಸಿದರು.

ಆದರೆ ನಳಿಗೆಯೂ ಅವರ ಪರವಾಗಿ ಇರಲಿಲ್ಲ. ಮುಂದಿನ ಭಾನುವಾರ ಮನೆ ಬಿಟ್ಟೊಡನೆ ಹಿಡಿಕೆಯನ್ನು ಪೂರ್ತಿ ಎಳೆದರು. ಎಷ್ಟು ಹೊಗೆ ಒಳಗೆ ಹೋದರೆ ಅಷ್ಟು ಪೆಟ್ರೋಲು ಉಳಿದೀತೆಂಬ ಆಸೆ. ಉಣಕಲ್ಲಿನ ಏರಿನಲ್ಲಿ ಗಾಡಿ ಮೈ ಝಾಡಿಸಿತು. ಬಿಕ್ಕಿತು, ತಡೆದು ಮತ್ತೆ ಬಿಕ್ಕಿತು, ಕೊನೆಗೆ ನಿಂತಿತು. ಚಾಲೂ ಮಾಡಿದಂತೆಲ್ಲ ನಿಲ್ಲುತ್ತ, ಭೈರಿದೇವರಕೊಪ್ಪವನ್ನು ದಾಟುವಷ್ಟರಲ್ಲಿ ಬಾಟಲಿ ಬರಿದಾಯಿತು. ಬೇವಿನ ಮರ ಎಲ್ಲೋ ಮುಂದೆ ಮಂಜಿನಲ್ಲಿ ಉಳಿಯಿತು. ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದರು. ದೇವಕ್ಕ ಹೆಸರುಕಾಳು ಆರಿಸುತ್ತಲೇ, ಅದಕ್ಕೂ ಹೇಸಿಗೆ ಬಂದಿರಬೇಕು ಎಂದರು.

ಕುಬುಸಕ್ಕೆ ಎರಡು ವಾರ ಉಳಿದಿರುವಾಗ ಒಂದು ಸಂಜೆ ಮನೆಯಲ್ಲಿ ಹೆಪ್ಪು ತೀರಿಹೋಗಿತ್ತು. ದೀಪ ಹಚ್ಚಿದ ಮೇಲೆ ಯಾರೂ ಮನೆಯಿಂದ ಹೆಪ್ಪು ಕೊಡುವುದಿಲ್ಲವೆಂದು ದೇವಕ್ಕ ಗಂಡನನ್ನು ಅವಸರದಿಂದ ಪಕ್ಕದ ಮನೆಗೆ ಕಳಿಸಿದರು. ಆ ಮನೆಯವರು ಮೇಷ್ಟರು ಬಂದರೆಂದು ಬಟ್ಟಲು ತುಂಬ ಮೊಸರು ಕೊಟ್ಟರು. ಗುರುಶಿದ್ದಪ್ಪನವರು ಅದನ್ನು ತಂದು, ಒಲೆಯ ಮೇಲೆ ಇನ್ನೂ ಹಬೆಯಾಡುತ್ತಿದ್ದ ಹಾಲಿಗೆ ಹಾಗೆಯೇ ಸುರಿಯಹೊರಟರು. ದೇವಕ್ಕ ಅವರ ಮುಂಗೈ ಹಿಡಿದರು.

“ಅಷ್ಟೂ ಸುರದ್ರ ಹಾಲ ಒಡದ ಹೋಗ್ತೈತ್ರಿ. ಒಂದ ಚಮಚಾ ಸಾಕು. ಇಷ್ಟ ಬಿಸಿ ಇದ್ದಾಗ ಹಾಕಬಾರದು, ತಣ್ಣಗಾದ ಮ್ಯಾಲೂ ಹಾಕಬಾರದು. ಬೆರಳ ಅದ್ದಿದ್ರ ಹಿತಾ ಅನಸಬೇಕು.”

ಅವರು ಬಟ್ಟಲನ್ನು ಹಿಡಿದುಕೊಂಡೇ ನಿಂತರು. ಹೊರಗೆ ಯಾರೋ ದನ ಹೊಡೆದುಕೊಂಡು ಹೋಗುತ್ತಿದ್ದರು. ಗಂಟೆಯ ಸದ್ದು ಓಣಿಯ ತುದಿಯವರೆಗೂ ಹೋಗಿ ಕರಗಿತು. ದೇವಕ್ಕ ಹಾಲಿನ ಪಾತ್ರೆಯನ್ನು ಕೆಳಗಿಳಿಸಿ, ಕಾದು, ಕಿರುಬೆರಳು ಅದ್ದಿ ನೋಡಿ, ಮತ್ತೆ ಕಾದರು. ಆಮೇಲೆ ಒಂದು ಚಮಚ ಮೊಸರನ್ನು ಸದ್ದಾಗದಂತೆ ಅಂಚಿನಿಂದ ಬಿಟ್ಟರು.

“ನಿನ್ನಿ ಮೊಸರು ಇವತ್ತಿನ ಹಾಲಿಗೆ ಹಾಕ್ತಿ. ಅದಕ್ಕ ಎಂಜಲಾ ಅನ್ನೂದಿಲ್ಲೇನು?” ಎಂದು ಗುರುಶಿದ್ದಪ್ಪನವರು ಕೇಳಿದರು. ವಾದ ಹೂಡಬೇಕೆಂದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಹೆಪ್ಪಿಗೆ ಯಾರರೆ ಎಂಜಲಾ ಅಂತಾರೇನ್ರಿ?”

ಅಲ್ಲಿಯೇ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವರು ಎಂಜಿನ್ನಿನ ಕಥೆಯನ್ನು ಮೊದಲಿನಿಂದ ಹೇಳಿದರು. ಹೊಸ ಗಾಳಿ ಹಾಲು, ಒಮ್ಮೆ ಉರಿದದ್ದರಲ್ಲಿ ಒಂದು ಚಮಚ ಹೆಪ್ಪು. ತಾವು ಇಷ್ಟು ದಿನ ಬಟ್ಟಲನ್ನೇ ಸುರಿಯುತ್ತಿದ್ದೆವು, ಅದೂ ಎಂಜಿನ್ನು ಬೆಚ್ಚಗಾಗುವ ಮೊದಲೇ, ಏರಿನಲ್ಲಿ ಅದು ಏಗುತ್ತಿದ್ದಾಗಲೂ ಎಂದು ಹೇಳುವಾಗ ಅವರ ದನಿ ಸಣ್ಣದಾಯಿತು. ದೇವಕ್ಕ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದರು.

“ಮೊದಲ ಹಿಂಗ ಹೇಳಬೇಕಿತ್ತು,” ಎಂದರು.

“ಮೊದಲ ನನಗೂ ಗೊತ್ತಿರಲಿಲ್ಲ.”

ಆದರೂ ದೇವಕ್ಕ ಕೂಡಲೇ ಒಪ್ಪಲಿಲ್ಲ. ಮಗಳಿಗಿಂತ ಮುಂಚೆ ತಾವು ಆ ಗಾಡಿಯಲ್ಲಿ ಕೂಡುವುದಾಗಿಯೂ, ದಾರಿಯಲ್ಲಿ ಅದು ಒಮ್ಮೆ ಬಿಕ್ಕಿದರೂ ಅದೇ ದಿನ ನಳಿಗೆ ಬಿಚ್ಚಬೇಕೆಂದೂ ಹೇಳಿದರು. ಏಳು ತಿಂಗಳ ಬಸುರಿ. ಅವಳಿಗೆ ಒಂದೇ ಒಂದು ಕುಲುಕು ತಾಕಬಾರದು. ಗುರುಶಿದ್ದಪ್ಪನವರು ಹೂಂ ಎಂದರು. ಮರುದಿನವೇ ಉಡಚಪ್ಪನ ಅಂಗಡಿಗೆ ಹೋಗಿ, ನಳಿಗೆಯ ನಡುವೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೂಡಿಸಿ, ಅದರಲ್ಲಿ ಶೇಂಗಾಕಾಳು ಹಾಯುವಷ್ಟು ಮಾತ್ರ ತೂತು ಕೊರೆಸಿಕೊಂಡು ಬಂದರು. ಏನಿದು ಎಂದು ಉಡಚಪ್ಪ ಕೇಳಿದ್ದಕ್ಕೆ, ಚಮಚ ಎಂದಷ್ಟೇ ಹೇಳಿದರು.

ಭಾನುವಾರ ದೇವಕ್ಕ ಮಿಂದು, ವಿಭೂತಿ ಹಚ್ಚಿಕೊಂಡು, ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತರು. ತಲೆಯ ಮೇಲೆ ತೂಗುವ ಬಾಟಲಿಯನ್ನು ಓರೆಗಣ್ಣಿನಿಂದ ನೋಡಿ, ಗಾಡಿಗೆ ಜಡ್ಡು ಬಂದಂತೆ ಕಾಣುತ್ತದೆ ಎಂದರು. ಎಂಜಿನ್ನು ಚಾಲೂ ಆಯಿತು. ಓಣಿ ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ ಗುರುಶಿದ್ದಪ್ಪನವರ ಕೈ ತಾನಾಗಿಯೇ ಹಿಡಿಕೆಯ ಕಡೆಗೆ ಸರಿಯಿತು.

“ತಡೀರಿ,” ಎಂದರು ದೇವಕ್ಕ.

ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಉಣಕಲ್ಲಿನ ಏರು ಕಳೆಯಿತು. ಎಡಕ್ಕೆ ಕೆರೆಯ ನೀರೂ ಆಕಾಶವೂ ಒಂದೇ ಬೂದುಬಣ್ಣದಲ್ಲಿ ಸೇರಿಹೋಗಿದ್ದವು. ದಂಡೆ ಎಲ್ಲಿ ಮುಗಿಯಿತೋ ತಿಳಿಯುತ್ತಿರಲಿಲ್ಲ. ರಸ್ತೆ ಸಮನಾಯಿತು. ಅಂಗೈಗೆ ತಾಕುವ ನಡುಕ ಸಣ್ಣದಾಗುತ್ತ ಬಂದು, ಒಂದೇ ಹದಕ್ಕೆ ನಿಂತಾಗ ಅವರೇ ಹಿಡಿಕೆಯನ್ನು ಹಿಡಿದು ಮೆಲ್ಲಗೆ ಎಳೆದರು.

ಗಾಡಿ ಬಿಕ್ಕಲಿಲ್ಲ. ಅದರ ಸದ್ದು ಒಂದು ಮೆಟ್ಟಿಲು ಕೆಳಗಿಳಿದಂತಾಯಿತು, ಅಷ್ಟೇ. ನಾಲ್ಕು ಮನೆ ಆಚೆ ಯಾರೋ ಬೀಸುವ ಕಲ್ಲು ತಿರುವುತ್ತಿರುವಾಗ ನಿದ್ದೆಯಲ್ಲಿದ್ದವರಿಗೆ ಕೇಳಿಸುವಂಥ ಸದ್ದು. ಗುರುಶಿದ್ದಪ್ಪನವರ ಪಾದ ಪೆಡಲನ್ನು ತುಸು ಒತ್ತಿ ಅಲ್ಲಿಯೇ ಉಳಿಯಿತು. ನವನಗರದ ಮನೆಗಳು ಮಂಜಿನಿಂದ ಒಂದೊಂದಾಗಿ ಎದ್ದು ಬಂದು, ಪಕ್ಕಕ್ಕೆ ಸರಿದು, ಮತ್ತೆ ಮಂಜಿಗೇ ಹೋದವು. ರಸ್ತೆ ತಮ್ಮ ಕಡೆಗೆ ಹರಿದು ಬರುತ್ತಿದೆ, ತಾವು ಕುಳಿತಲ್ಲಿಯೇ ಇದ್ದೇವೆ ಎಂದು ಇಬ್ಬರಿಗೂ ಅನಿಸಿರಬೇಕು. ರಾಯಾಪುರ ಕಳೆಯಿತು. ಬೇವಿನ ಮರ ಬಂತು. ಬಾಟಲಿಯ ಕುತ್ತಿಗೆಯಲ್ಲಿ ಪೆಟ್ರೋಲು ಇನ್ನೂ ಹೊಳೆಯುತ್ತಿತ್ತು. ಮರ ಹಿಂದೆ ಬಿತ್ತು. ಗುರುಶಿದ್ದಪ್ಪನವರು ಕನ್ನಡಿಯಲ್ಲಿ ಅದು ಕಿರಿದಾಗುವುದನ್ನು ನೋಡಿದರು. ಅದರ ಆಚೆಯ ರಸ್ತೆ ಅವರಿಗೆ ಗೊತ್ತಿದ್ದದ್ದೇ ಆದರೂ ಆ ದಿನ ಮೊದಲ ಸಲ ಬಂದಂತಿತ್ತು.

ಸತ್ತೂರು ದಾಟಿ, ನವಲೂರಿನ ಮೊದಲ ತೋಟದ ಬೇಲಿ ಕಾಣಿಸಿ, ಕಿಟಕಿಯಿಂದ ಪೇರಲ ಹಣ್ಣಿನ ವಾಸನೆ ಬಂದಾಗ ಎಂಜಿನ್ನು ಸುಮ್ಮನಾಯಿತು. ಗಾಡಿ ಬೇಲಿಯ ಗುಂಟ ಸದ್ದಿಲ್ಲದೆ ಉರುಳಿ ನಿಂತಿತು.

“ಕೆಟ್ಟಿತೇನು?”

“ಇಲ್ಲ. ಲೀಟರ ಮುಗೀತು.”

ದೇವಕ್ಕ ಹಿಂದಕ್ಕೆ ತಿರುಗಿ ಬಂದ ದಾರಿಯನ್ನು ನೋಡಿದರು. ಮೊದಲು ಎಲ್ಲಿ ಮುಗಿಯುತ್ತಿತ್ತು ಎಂದು ಕೇಳಿದರು. ಅವರು ಬೇವಿನ ಮರದ ದಿಕ್ಕಿಗೆ ಕೈ ಮಾಡಿದರು.

“ಅಲ್ಲಿಂದ ಇಲ್ಲಿತನಾ ಬರಾಕ ಇಷ್ಟ ಹೊಗಿನ್ನ ಸುತ್ತ ಹಾಕಿಸಿದ್ರೇನು,” ಎಂದರು ದೇವಕ್ಕ. ಗುರುಶಿದ್ದಪ್ಪನವರು ನಕ್ಕುಬಿಟ್ಟರು. ಹೊಸ ದಾರಿ ಹೆಚ್ಚೆಂದರೆ ಒಂದು ಮೈಲಿಯಿದ್ದೀತು. ತೋಟದ ಬಾಯಿಗೆ ಬುಟ್ಟಿ ಇಳಿಸಿ ಕುಳಿತ ಹೆಂಗಸಿನ ಹತ್ತಿರ ಹಣ್ಣು ಆರಿಸಿ ಉಡಿಗೆ ಹಾಕಿಕೊಂಡು ಬಂದ ದೇವಕ್ಕ, ಒಂದನ್ನು ಒರೆಸಿ ಗಂಡನ ಕೈಗೆ ಕೊಟ್ಟು, “ಬಿಕ್ಕಲಿಲ್ಲಲ್ಲಾ,” ಎಂದರು.

ಧಾರವಾಡದ ಮನೆಯಲ್ಲಿ ಕುಬುಸ ಸಾಂಗವಾಗಿ ಆಯಿತು. ಹಸಿರು ಸೀರೆ, ಹಸಿರು ಬಳೆ, ಮಲ್ಲಿಗೆ ದಂಡೆಯ ಭಾರಕ್ಕೆ ಬಾಗಿದ ಕುತ್ತಿಗೆಯ ವಿದ್ಯಾಳನ್ನು ಹೊರಗೆ ಕರೆತಂದಾಗ ಮುರಿಗೆವ್ವ ಎಲ್ಲರ ನಡುವೆ ನಿಂತು, ಬಾಗಿಲ ಮುಂದಿನ ಫಿಯಾಟನ್ನು ನೋಡಿ, ಕಡೆಗೂ ಎಂಜಲ ಗಾಡಿಯೇ ಗತಿಯಾಯಿತೇನು ಎಂದರು. ಬೀಗರ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ವಿದ್ಯಾಳ ಅತ್ತೆ ಸೊಸೆಯ ತೋಳನ್ನು ಬಿಡದೆ ಮೆಟ್ಟಿಲ ಮೇಲೆಯೇ ನಿಂತರು. ಗುರುಶಿದ್ದಪ್ಪನವರು ಬಾಯಿ ತೆರೆದರು. ಆದರೆ ಪಾಠ ಹೇಳುವ ಅವರ ಮಾತೇ ಇಷ್ಟಕ್ಕೆಲ್ಲ ಕಾರಣವಾದದ್ದು ನೆನಪಾಗಿ ಮುಚ್ಚಿಕೊಂಡರು.

“ಅಕ್ಕಾರ, ಅದು ಎಂಜಲಾ ಅಲ್ರಿ, ಹೆಪ್ಪ,” ಎಂದರು ದೇವಕ್ಕ. “ನಾನ ಕೂತು ನೋಡೇನಿ. ನೀವೂ ಬರ್ರಿ, ಮುಂದಿನ ಸೀಟ ನಿಮಗ ಬಿಟ್ಟೇನಿ.”

ಅಷ್ಟು ಜನರೆದುರು ಕರೆದ ಮೇಲೆ ಮುರಿಗೆವ್ವ ಒಲ್ಲೆನೆನ್ನಲಾಗಲಿಲ್ಲ. ಅತ್ತೆ ಸೊಸೆಯ ತೋಳನ್ನು ಬಿಟ್ಟು, ತಾವೇ ಹಿಂದಿನ ಸೀಟಿಗೆ ಒಂದು ದಿಂಬು ಇಟ್ಟರು.

ಸಂಜೆಯ ಬಿಸಿಲು ಬೆನ್ನ ಹಿಂದಿತ್ತು. ಮುರಿಗೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಗೆಯ ವಾಸನೆಗಾಗಿ ಕಾಯುತ್ತ ಕುಳಿತಿದ್ದರು. ರಸ್ತೆ ಸಮನಾದಾಗ ಹಿಂದಿನಿಂದ ದೇವಕ್ಕ, ಆ ಹಿಡಿಕೆಯನ್ನು ಒಂದಿಷ್ಟು ಎಳೆಯಿರಿ ಎಂದು ಅವರಿಗೇ ಹೇಳಿದರು. ಅದು ಕಿಟಕಿಯದೋ ಏನೋ ಎಂದು ತಿಳಿದು ಮುರಿಗೆವ್ವ ಎಳೆದರು. ಸದ್ದು ಕೆಳಗಿಳಿಯಿತು. ನವಲೂರು ಬಂದಾಗ ಹಣ್ಣಿಗೆ ನಿಲ್ಲಿಸಲೇ ಎಂದು ಗುರುಶಿದ್ದಪ್ಪನವರು ಕನ್ನಡಿಯಲ್ಲಿಯೇ ಕೇಳಿದರು. ವಿದ್ಯಾ ತಾಯಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬೇಡವೆಂದು ದೇವಕ್ಕ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಮುರಿಗೆವ್ವನ ಸೆರಗೂ ಮೂಗಿನಿಂದ ಜಾರಿತು, ಅವರಿಗೂ ತೂಕಡಿಕೆ ಹತ್ತಿತು. ಗುರುಶಿದ್ದಪ್ಪನವರು ರಸ್ತೆಯ ಒಂದೊಂದು ತಗ್ಗನ್ನೂ ಹೆಸರು ಹಿಡಿದು ಬಲ್ಲವರಂತೆ ತಪ್ಪಿಸುತ್ತ ನಡೆಸಿದರು. ಹೊಲ, ಮನೆ, ತಂತಿಯ ಕಂಬ ಎಲ್ಲವೂ ಹೊಂಬಣ್ಣಕ್ಕೆ ತಿರುಗಿ ಮೆಲ್ಲನೆ ತೇಲಿ ಹೋಗುತ್ತಿದ್ದವು.

ಉಣಕಲ್ ಕೆರೆಯ ದಂಡೆಗೆ ಬಂದಾಗ ವಿದ್ಯಾ ಕಣ್ಣು ತೆರೆದಳು. ನೀರಿನ ಮೇಲಿನ ಬೆಳಕು ಗಾಡಿಯ ಒಳಗೆಲ್ಲ ಆಡುತ್ತಿತ್ತು. ಅವಳು ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು.

“ಅಪ್ಪಾ, ಗಾಡಿ ಚಾಲೂ ಐತೋ, ನಿಂತೈತೋ?”

“ಚಾಲೂ ಐತಿ,” ಎಂದರು ಗುರುಶಿದ್ದಪ್ಪನವರು. “ಮಲಕೋವ್ವಾ.”